ಗುಬ್ಬಿಯಲ್ಲಿ ಹೊಲಿದ ತಾಂಬೂಲದ ಚೀಲಗಳು

ಆಷಾಢದಲ್ಲಿ ನಮ್ಮ ಸೆಂಟರಿಗೆ ಯಾರೂ ಫೋನ್ ಮಾಡುವುದಿಲ್ಲ. ಮದುವೆ ಇರುವುದಿಲ್ಲ, ಗೃಹಪ್ರವೇಶ ಇರುವುದಿಲ್ಲ, ಹಬ್ಬಗಳೂ ಇನ್ನೂ ದೂರ. ತುಮಕೂರಿನ ಉಪ್ಪಾರಹಳ್ಳಿಯ ಆ ಬಾಡಿಗೆ ಮನೆಯ ಕಿಟಕಿಗಳು ಗಾಳಿಗೆ ಪಟಪಟ ಎನ್ನುತ್ತವೆ. ಮಧ್ಯಾಹ್ನವಾದರೆ ಹೊಲಿಗೆ ಮೆಷಿನ್ನುಗಳಿಗೆ ಬಟ್ಟೆ ಹೊದಿಸಿರುತ್ತದೆ. ಹಿತ್ತಲಲ್ಲಿ ತೆಂಗಿನ ಚಿಪ್ಪು ಉಜ್ಜುವ ಸದ್ದು ಸ್ವಲ್ಪ ಹೊತ್ತು ಕೇಳಿ, ಯಾರೋ ಮಾತಿಗೆ ಕರೆದ ಹಾಗೆ ನಿಂತುಬಿಡುತ್ತದೆ. ಊಟವಾದ ಮೇಲೆ ಎಲ್ಲರೂ ಚಾಪೆಯ ಮೇಲೆ ಒರಗುತ್ತೇವೆ. ಆಗ ಇದು ಕೆಲಸದ ಜಾಗ ಅನ್ನುವುದೇ ನನಗೆ ಮರೆತುಹೋಗುತ್ತದೆ. ಯಾರದೋ ದೊಡ್ಡ ಸಂಸಾರಕ್ಕೆ ನೆಂಟಳಾಗಿ ಬಂದು ಅಲ್ಲೇ ಉಳಿದುಕೊಂಡಿದ್ದೇನೆ ಅನ್ನಿಸುತ್ತದೆ.

ಶ್ರಾವಣ ಬಂದಿತೋ, ಫೋನಿಗೆ ಬಿಡುವಿಲ್ಲ. ವರಮಹಾಲಕ್ಷ್ಮಿಗೆ ಚಿಪ್ಪಿನ ಕುಂಕುಮದ ಬಟ್ಟಲು, ಗೌರಿಗೆ ಬಾಗಿನದ ಚೀಲ, ದೀಪಾವಳಿಗೆ ಆಫೀಸುಗಳವರ ಗಿಫ್ಟ್ ಡಬ್ಬಿ, ಕಾರ್ತೀಕ ಕಾಲಿಟ್ಟರೆ ಒಂದರ ಹಿಂದೆ ಒಂದು ಮದುವೆ. ಎಲ್ಲರಿಗೂ ಅದೇ ವಾರ ಬೇಕು, ಎಲ್ಲರಿಗೂ ನಮ್ಮದೇ ಬೇಕು.

ಸೆಂಟರ್ ನಡೆಸುವವರು ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ನಾವೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತೇವೆ. ತೆಂಗಿನ ಚಿಪ್ಪಿನ ಕೆಲಸ ಮಾಡುವವನನ್ನು ಎಲ್ಲರೂ ಅಣ್ಣ ಎನ್ನುತ್ತೇವೆ, ಅವನಿಗೆ ಚಿಕ್ಕಂದಿನಿಂದ ಕಾಲಿನಲ್ಲಿ ಶಕ್ತಿಯಿಲ್ಲ. ಮೂರು ಚಕ್ರದ ಸ್ಕೂಟರಿನಲ್ಲಿ ಬಂದು ಹಿತ್ತಲ ಬಾಗಿಲಲ್ಲಿ ಇಳಿಯುತ್ತಾನೆ. ನನಗಿಂತ ಎಷ್ಟೋ ಚಿಕ್ಕವಳಾದ ನನ್ನ ಗೆಳತಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ಕೈಹೊಲಿಗೆಯಲ್ಲಿ ಅವಳಷ್ಟು ನಯ ಬೇರೆ ಯಾರಿಗೂ ಇಲ್ಲ. ಏನೂ ತೊಂದರೆ ಇಲ್ಲದ ಒಂದಿಬ್ಬರು ಅಕ್ಕಪಕ್ಕದ ಬೀದಿಯ ಹೆಂಗಸರೂ ನಮ್ಮ ಜೊತೆಗೇ ಕೂತು ದುಡಿಯುತ್ತಾರೆ. ನನ್ನ ಕಣ್ಣು ಶಾಲೆಗೆ ಹೋಗುವ ವಯಸ್ಸಿನಲ್ಲೇ ನಿಧಾನವಾಗಿ ಮಂಕಾಗುತ್ತ ಬಂದು, ಈಗ ಬೆಳಕು ಮತ್ತು ನೆರಳು ಎರಡನ್ನೇ ಉಳಿಸಿದೆ. ಬಣ್ಣಗಳು ಮಾತ್ರ ನೆನಪಿನಲ್ಲಿ ಹಾಗೇ ಇವೆ. ಸೆಂಟರಿನಲ್ಲಿ ನನ್ನ ಕೆಲಸ ಚೀಲದ ಬಾಯಿಗೆ ಲಾಡಿ ಪೋಣಿಸುವುದು. ಲಾಡಿಯ ತುದಿಗೆ ಪಿನ್ನು ಚುಚ್ಚಿ, ಬಟ್ಟೆಯ ಮಡಿಕೆಯೊಳಗೆ ಅದನ್ನು ತಳ್ಳುತ್ತ ತಳ್ಳುತ್ತ ಒಂದು ಸುತ್ತು ತಂದು ಗಂಟು ಹಾಕಬೇಕು. ಬೆರಳಿಗೆ ಕಣ್ಣಿನ ಹಂಗಿಲ್ಲದ ಕೆಲಸ ಅದು.

ನಾನೂ ಗೆಳತಿಯೂ ಮಾತಾಡಿಕೊಳ್ಳುವುದು ಹೇಗೆ ಎಂದು ಬಂದವರೆಲ್ಲ ಕೇಳುತ್ತಾರೆ. ನಾನು ಮಾತಾಡಿದರೆ ಅವಳು ನನ್ನ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ. ಅವಳು ಹೇಳಬೇಕಾದಾಗ ನನ್ನ ಅಂಗೈಯನ್ನು ತನ್ನ ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಬೆರಳಿನಲ್ಲಿ ಒಂದೊಂದೇ ಅಕ್ಷರ ಬರೆಯುತ್ತಾಳೆ. ದಿನವೂ ಬೇಕಾಗುವ ಮಾತುಗಳಿಗೆ ಇಷ್ಟೂ ಬೇಕಿಲ್ಲ. ಒಂದು ತಟ್ಟು ಎಂದರೆ ನೀರು, ಗೀರು ಎಳೆದರೆ ದಾರ, ಅಂಗೈ ಮುಚ್ಚಿದರೆ ಸುಮ್ಮನಿರು ಎಂದು.

ಒಂದು ವರ್ಷ ದಸರೆಗೆ ಸ್ವಲ್ಪ ಮುಂಚೆ ಅಮೃತೂರಿನಿಂದ ಒಂದು ಟ್ರಂಕು ಬಂತು. ಮದುವೆ ಹುಡುಗಿಯ ಸೋದರತ್ತೆ ತಾವೇ ಅದನ್ನು ತಂದು ಹಾಲಿನಲ್ಲಿ ಇಳಿಸಿದರು. ಮುಚ್ಚಳ ತೆಗೆದ ಕೂಡಲೇ ನುಸಿಗುಳಿಗೆಯ ವಾಸನೆಯೂ, ಅದರ ಕೆಳಗಿನಿಂದ ಒಣಗಿದ ಮಲ್ಲಿಗೆಯಂಥ ಇನ್ನೊಂದು ವಾಸನೆಯೂ ಎದ್ದವು. ತೀರಿಕೊಂಡ ಅಜ್ಜಿಯ ಸೀರೆಗಳು. ಹುಡುಗಿಗೆ ಅಜ್ಜಿ ಎಂದರೆ ಪ್ರಾಣವಂತೆ. ಮದುವೆಗೆ ಬಂದ ಹೆಂಗಸರಿಗೆಲ್ಲ ಆ ಸೀರೆಯ ಬಟ್ಟೆಯಲ್ಲೇ ಹೊಲಿದ ಚೀಲದಲ್ಲಿ ತಾಂಬೂಲ ಕೊಡಬೇಕು ಎಂಬ ಆಸೆಯಂತೆ. ಚೀಲದೊಳಗೆ ನಮ್ಮ ಅಣ್ಣ ಮಾಡಿದ ಕುಂಕುಮದ ಬಟ್ಟಲು. ಟೀಚರ್ ಒಪ್ಪಿಕೊಂಡರು. ನಾನೂ ಒಂದು ಸೀರೆ ಎತ್ತಿ ಮುಖಕ್ಕೆ ಒತ್ತಿಕೊಂಡೆ. ನೂರಾರು ಸಲ ಒಗೆದು ಒಗೆದು ನೀರಿನ ಹಾಗಾಗಿತ್ತು.

ಮೆಷಿನ್ನಿಗೆ ಹಾಕಿದರೆ ಅಷ್ಟು ಹಳೆಯ ಬಟ್ಟೆ ಸುರುಟಿಕೊಂಡಿತು. ಕೈಯಲ್ಲೇ ಹೊಲಿಯಬೇಕಾಯಿತು. ಸರಿ, ಗೆಳತಿ ಇದ್ದಾಳಲ್ಲ ಎಂದುಕೊಂಡೆವು. ಅದೇ ವಾರ ಅವಳ ಕಾಲು ಊದಿಕೊಂಡಿತು. ಅವಳಿಗಾಗ ಏಳು ತಿಂಗಳು. ಡಾಕ್ಟರು ಹೆರಿಗೆಯವರೆಗೂ ಮಲಗೇ ಇರಬೇಕು ಎಂದರು. ಅವಳ ಗಂಡ ಕ್ಯಾತ್ಸಂದ್ರದ ಹೈವೇ ಹೋಟೆಲೊಂದರಲ್ಲಿ ಅಡುಗೆ ಕೆಲಸದವನು. ಮನೆಯಲ್ಲಿ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ತಾಯಿ ಬಂದು ಅವಳನ್ನು ಗುಬ್ಬಿಗೆ ಕರೆದುಕೊಂಡು ಹೋದರು.

ಅವಳು ಹೋದ ಮಾರನೆಯ ದಿನ ಸೆಂಟರಿನಲ್ಲಿ ಎಲ್ಲರೂ ದೀಪಾವಳಿಯ ಡಬ್ಬಿಗಳಲ್ಲಿ ಮುಳುಗಿದ್ದರು. ಕತ್ತರಿಸಿಟ್ಟ ಸೀರೆಯ ತುಂಡುಗಳು ಮೂಲೆಯಲ್ಲಿ ಮಡಿಚಿದ ಹಾಗೇ ಕೂತಿದ್ದವು. ಟೀಚರ್ ಸುಮ್ಮನೆ ಓಡಾಡುತ್ತಿದ್ದರು. ಅವರ ಚಪ್ಪಲಿಯ ಸದ್ದಿನಲ್ಲೇ ಅವರ ಚಿಂತೆ ಗೊತ್ತಾಗುತ್ತದೆ. ಗೆಳತಿಯಿಂದ ಅವರ ಫೋನಿಗೆ ಮೆಸೇಜು ಬಂದದ್ದು ಆಗ. ಕೈಗೇನೂ ಆಗಿಲ್ಲ, ತುಂಡುಗಳನ್ನು ಕಳಿಸಿಕೊಡಿ ಎಂದು ಬರೆದಿದ್ದಳು. ಯಾರ ಕೈಯಲ್ಲಿ ಕಳಿಸುವುದು? ಮೆಷಿನ್ನಿನವರನ್ನು ಎಬ್ಬಿಸುವಂತಿರಲಿಲ್ಲ, ಅಣ್ಣನನ್ನು ಚಿಪ್ಪಿನಿಂದ ಬಿಡಿಸುವಂತಿರಲಿಲ್ಲ. ನಾನು ಹೋಗುತ್ತೇನೆ ಎಂದೆ.

ಟೀಚರ ಚಪ್ಪಲಿಯ ಸದ್ದು ನನ್ನ ಮುಂದೆ ಬಂದು ನಿಂತಿತು. ಆಮೇಲೆ, "ಒಬ್ಳೇ ಹೋಗ್ತೀಯೇನೇ?" ಎಂದರು.

"ಗಾಡಿ ಹೋಗೋದು, ನಾನು ಕೂತಿರ್ತೀನಿ ಅಷ್ಟೇ ಟೀಚರ್," ಎಂದೆ.

ಹೀಗೆ ನನ್ನ ಗುಬ್ಬಿಯ ಓಡಾಟ ಶುರುವಾಯಿತು. ವಾರದಲ್ಲಿ ಎರಡು ಮೂರು ಸಲ ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತುತ್ತಿದ್ದೆ. ತೊಡೆಯ ಮೇಲೆ ತುಂಡುಗಳ ಗಂಟು, ಕೈಯಲ್ಲಿ ಮಡಿಚಿದ ಕೋಲು. ಊರು ದಾಟಿದ ಮೇಲೆ ಕಿಟಕಿಯ ಹತ್ತಿರ ಮುಖ ಇಟ್ಟರೆ ತೆಂಗಿನ ತೋಟ ಬಂದದ್ದು ನನಗೆ ತಿಳಿಯುತ್ತಿತ್ತು. ಬೆಳಕು, ನೆರಳು, ಬೆಳಕು, ನೆರಳು ಎಂದು ಮರಗಳು ರೆಪ್ಪೆಯ ಮೇಲೆ ಓಡುತ್ತಿದ್ದವು. ಎಲ್ಲೋ ಒಂದು ಕಡೆ ಎಲ್ಲವೂ ಒಮ್ಮೆಲೇ ಬಿಳಿಯಾಗಿ ತಣ್ಣನೆಯ ಗಾಳಿ ಬಂದರೆ ಅದು ಕೆರೆ. ಹತ್ತಿಪ್ಪತ್ತು ಮಂದಿ ಗುಜುಗುಜು ಮಾತಾಡುತ್ತಿದ್ದರೂ ಆ ಗಾಡಿಯೊಳಗೆ ಒಂದು ಥರದ ನಿದ್ದೆ ಇರುತ್ತಿತ್ತು. ಸೆಂಟರಿನ ಗಡಿಬಿಡಿ ಹಿಂದಕ್ಕೆ, ಹಿಂದಕ್ಕೆ ಹೋಗಿ ಯಾರೋ ಹೇಳಿದ ಕಥೆಯಂತಾಗುತ್ತಿತ್ತು. ಗುಬ್ಬಿಯಲ್ಲಿ ಇಳಿದರೆ ಆಟೋದವನೊಬ್ಬ ಕೈಹಿಡಿದು ಕೂರಿಸಿಕೊಂಡು ಮನೆಯ ಮುಂದೆ ಬಿಡುತ್ತಿದ್ದ.

ಮೊದಲ ದಿನ ಗೆಳತಿಯ ತಾಯಿ ನನ್ನನ್ನು ನೋಡಿ ಸಂತೋಷಪಡಲಿಲ್ಲ. ಗಂಟನ್ನು ಕೈಯಿಂದ ತೆಗೆದುಕೊಂಡವರು ಅದನ್ನು ಒಳಗೂ ಒಯ್ಯದೆ ಜಗುಲಿಯ ಮೇಲೇ ಇಟ್ಟರು.

"ಅಲ್ಲ ಕಣವ್ವ, ಬಸುರಿ ಹೆಂಗ್ಸು ಅಂತ ಮಲಗ್ಸಿದ್ರೆ ಇಲ್ಲಿಗೂ ಕೆಲ್ಸ ಹೊತ್ಕೊಂಡ್ ಬಂದಿದೀಯಲ್ಲ. ನಿಮ್ಮ ಟೀಚರ್‌ಗಾದ್ರೂ ಗೊತ್ತಾಗ್ಬಾರ್ದಾ?"

ಒಳಗಿನಿಂದ ಮಂಚದ ಪಟ್ಟಿಗೆ ಧಡಧಡ ಬಡಿಯುವ ಸದ್ದು ಬಂತು. ಗೆಳತಿ ಮಲಗಿದ್ದಲ್ಲಿಂದಲೇ ಬಾಗಿಲ ಮೂಲಕ ನಮ್ಮನ್ನು ನೋಡುತ್ತಿದ್ದಳು, ತಾಯಿಯ ತುಟಿ ಓದಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತ ಕೂಡಲೇ ನನ್ನ ಕೈ ಎಳೆದುಕೊಂಡು ಅಂಗೈ ತುಂಬ ಒತ್ತಿ ಒತ್ತಿ ಬರೆದಳು. ಸುಮ್ಮನೆ ಮಲಗಿದರೆ ಭಯವಾಗುತ್ತೆ ಅಂತ ಅಮ್ಮನಿಗೆ ಹೇಳು. ನಾನು ಹೇಳಿದೆ. ತಾಯಿ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ ಗಂಟನ್ನು ತಂದು ಮಂಚದ ಮೇಲಿಟ್ಟರು.

"ಸರಿ ಬುಡು. ಆದ್ರೆ ನೀನು ಇಲ್ಲಿ ಉಣ್ಣದೆ ಎದ್ದು ಹೋಗಂಗಿಲ್ಲ."

ಅಲ್ಲಿಂದ ಮುಂದೆ ಆ ಕೋಣೆ ನಮ್ಮದಾಯಿತು. ಗೆಳತಿ ಎಡಮಗ್ಗುಲಿಗೆ ಮಲಗಿ ದಿಂಬಿಗೆ ಒರಗಿಕೊಂಡು ಅಂಚು ಹೊಲಿಯುತ್ತಿದ್ದಳು. ಮುಗಿಸಿದ್ದನ್ನು ನನ್ನ ಮಡಿಲಿಗೆ ಹಾಕುತ್ತಿದ್ದಳು, ನಾನು ನೆಲದ ಮೇಲೆ ಕೂತು ಲಾಡಿ ಪೋಣಿಸುತ್ತಿದ್ದೆ. ಅಡುಗೆಮನೆಯಲ್ಲಿ ಮುದ್ದೆ ತೊಳಸುವ ಸದ್ದು, ಹೊರಗೆ ಯಾವುದೋ ಸೊಪ್ಪಿನವಳ ಕೂಗು. ಮೊದಲ ದಿನ ಒಂದೊಂದು ಸೀರೆಯ ಬಣ್ಣವನ್ನೂ ಅವಳು ನನ್ನ ಕೈಮೇಲೆ ಬರೆಯಲು ಹೋದಳು. ಬೇಡ, ಹೇಳಬೇಡ ಎಂದೆ. ನನಗೆ ನನ್ನಷ್ಟಕ್ಕೆ ಊಹಿಸಿಕೊಳ್ಳುವುದೇ ಚೆಂದವಾಗಿತ್ತು. ಒರಟಾದ ಹತ್ತಿಯದನ್ನು ಇಟ್ಟಿಗೆ ಕೆಂಪು ಮಾಡಿದೆ. ಜಾರಿಹೋಗುವಂಥದ್ದನ್ನು ಗಿಣಿಹಸಿರು ಮಾಡಿದೆ. ಮಲ್ಲಿಗೆಯ ವಾಸನೆ ಇನ್ನೂ ಉಳಿದಿದ್ದ ಒಂದು ತುಂಡಿಗೆ ಬೆಳಗಿನ ಆಕಾಶದ ನೀಲಿ ಕೊಟ್ಟೆ. ಕಂಡೇ ಇಲ್ಲದ ಒಬ್ಬ ಅಜ್ಜಿ ದಿನಕ್ಕೊಂದು ಸೀರೆ ಉಟ್ಟುಕೊಂಡು ನನ್ನ ತಲೆಯೊಳಗೆ ಓಡಾಡತೊಡಗಿದಳು.

ದೀಪಾವಳಿಯ ಅಮಾವಾಸ್ಯೆಗೆ ಗ್ರಹಣ ಬಂದಿತ್ತು. ಗ್ರಹಣ ಹಿಡಿಯುವುದು ಸಂಜೆಗೆ, ಅಷ್ಟರಲ್ಲಿ ಹೋಗಿ ಬಂದುಬಿಡಬಹುದು ಎಂದು ನಾನು ಲೆಕ್ಕ ಹಾಕಿದ್ದೆ. ಅವತ್ತು ಗಾಡಿ ಗಂಟೆಗಟ್ಟಲೆ ತಡವಾಗಿ, ಮಧ್ಯಾಹ್ನ ಮೀರಿ ಮುಟ್ಟಿತು. ನಾನು ಹೊಸಲು ದಾಟುವ ಹೊತ್ತಿಗೆ ತಾಯಿ ನೀರಿನ ಬಿಂದಿಗೆಗೂ ಹಾಲಿನ ಪಾತ್ರೆಗೂ ದರ್ಭೆ ಹಾಕುತ್ತಿದ್ದರು. ನನ್ನ ಕೈಯಿಂದ ಗಂಟು ಇಸಕೊಂಡು ಅಟ್ಟದ ಮೇಲಿಟ್ಟರು. ಮಗಳ ತಲೆದಿಂಬಿನ ಪಕ್ಕದಲ್ಲಿದ್ದ ಸೂಜಿಯನ್ನೂ ಕತ್ತರಿಯನ್ನೂ ತೆಗೆದುಕೊಂಡು ಹೋದರು.

"ಗ್ರಹಣ ಬಿಡೋಗಂಟ ಇಬ್ರೂ ಸೂಜಿ ಮುಟ್ಟಂಗಿಲ್ಲ. ನೀನೂ ಅಷ್ಟೇ ಮಗ, ಇವತ್ತು ಇಲ್ಲೇ ಇದ್ದುಬುಡು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ನಾನು ಟೀಚರಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಅವರು ಉಳಿದ ಚೀಲಗಳೆಷ್ಟು ಎಂದು ಕೇಳಿಕೊಂಡರು. ಆಮೇಲೆ, ಇದ್ದು ಬಾ, ಅವಳ ತಾಯಿ ಹೇಳಿದ ಹಾಗೆ ಕೇಳು ಎಂದರು.

ತಾಯಿ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿದರು. ಹೊರಗಿನ ಬೆಳಕು ಕುಂದಿತೋ, ಕಿಟಕಿ ಮುಚ್ಚಿದ್ದಕ್ಕೆ ಹಾಗನ್ನಿಸಿತೋ, ನನಗೆ ಗೊತ್ತಿಲ್ಲ. ಕಣ್ಣೆದುರು ಒಂದು ಮಬ್ಬು ಬಂದು ನಿಂತಿತು. ಬೀದಿಯಲ್ಲಿ ಒಂದು ಗಾಡಿಯ ಸದ್ದೂ ಇಲ್ಲ. ತಿಂಗಳುಗಟ್ಟಲೆ ಒಂದಲ್ಲ ಒಂದನ್ನು ಹಿಡಿದುಕೊಂಡೇ ಇದ್ದ ಕೈಗಳು ಮಡಿಲಿನಲ್ಲಿ ಬೇರೆ ಯಾರದೋ ಕೈಗಳಂತೆ ಬಿದ್ದುಕೊಂಡಿದ್ದವು. ಗೆಳತಿ ಸರಿದು ಮಂಚದ ಮೇಲೆ ನನಗೂ ಜಾಗ ಮಾಡಿದಳು. ಇಬ್ಬರೂ ಪಕ್ಕಪಕ್ಕದಲ್ಲಿ ಮಲಗಿದೆವು. ಅಟ್ಟದ ಮೇಲೆ ಮುಗಿಯದ ಚೀಲಗಳಿವೆ, ಮದುವೆ ಹತ್ತಿರ ಬರುತ್ತಿದೆ ಎಂಬುದು ತಿಳಿದೇ ಇತ್ತು. ಆದರೂ ಅದರ ತೂಕ ನನಗೆ ತಾಕಲಿಲ್ಲ. ದೋಣಿಯೊಂದು ದಡ ಬಿಟ್ಟು ಸುಮ್ಮನೆ ನೀರಿನ ನಡುವೆ ನಿಂತ ಹಾಗಿತ್ತು.

ಅವಳು ನನ್ನ ಕೈ ತೆಗೆದುಕೊಂಡು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗೆ ಮಗು ಮಗ್ಗುಲು ಬದಲಿಸಿತು. ನಿದ್ದೆಯಲ್ಲಿ ಯಾರೋ ಹೊದಿಕೆ ಎಳೆದುಕೊಂಡ ಹಾಗೆ. ಆಮೇಲೆ ಅದೇ ಕೈಯನ್ನು ತಿರುಗಿಸಿ ಅಂಗೈ ಮೇಲೆ ಬರೆಯತೊಡಗಿದಳು. ಬರೆದು ಅರ್ಧಕ್ಕೆ ನಿಲ್ಲಿಸಿದಳು, ಅಂಗೈಯನ್ನು ಒರೆಸಿ ಮತ್ತೆ ಮೊದಲಿಂದ ಬರೆದಳು. ರಾತ್ರಿ ಮಗು ಅತ್ತರೆ ನನಗೆ ಹೇಗೆ ಗೊತ್ತಾಗುತ್ತೆ?

ಸುಮ್ಮನೆ ಮಲಗಿದರೆ ಭಯ ಎಂದು ಅವಳು ಮೊದಲ ದಿನ ಬರೆದದ್ದು ಇದನ್ನೇ ಎಂದು ಆಗ ನನಗೆ ತಿಳಿಯಿತು.

ನಾನು ಅವಳ ಕಡೆ ಮುಖ ತಿರುಗಿಸಿದೆ. ಕತ್ತಲೆಯಲ್ಲಿ ನನ್ನ ತುಟಿ ಅವಳಿಗೆ ಕಾಣುವಂತಿರಲಿಲ್ಲ. ಅವಳ ಕೈ ಹುಡುಕಿ, ಅದರ ಮೇಲೆ ನಾನು ಬರೆದೆ. ಅಲ್ಲಿಯವರೆಗೂ ನಾನು ಅವಳ ಕೈಮೇಲೆ ಬರೆದವಳಲ್ಲ. ಅಕ್ಷರಗಳು ಓರೆಕೋರೆಯಾಗಿದ್ದಿರಬೇಕು. ನಿನ್ನ ಅಮ್ಮ ಇದ್ದಾರೆ, ನಿನ್ನ ಗಂಡ ಇದ್ದಾನೆ, ಆಮೇಲೆ ಹಗಲೆಲ್ಲ ಸೆಂಟರಿನಲ್ಲಿ ನಾನಿದ್ದೇನೆ, ನನಗೆ ಕಿವಿ ಚೆನ್ನಾಗಿದೆ ಎಂದು ಬರೆದೆ. ಅವಳು ನಕ್ಕಳು, ಮಂಚ ಅಲುಗಿತು. ಆಮೇಲೆ ಅವಳು ಅತ್ತಳು ಅಂತಲೂ ಕಾಣುತ್ತದೆ. ನಾನು ಅವಳ ಅಂಗೈ ಮುಚ್ಚಿ ಹಿಡಿದುಕೊಂಡೆ. ಮುಂದೆ ಮಗು ಬಂದ ಮೇಲೆ ಹೆಚ್ಚೇನೂ ಕಷ್ಟವಾಗಲಿಲ್ಲ. ಅವಳ ಗಂಡ ಹೋಟೆಲಿನಲ್ಲಿ ಹಗಲು ಪಾಳಿಗೆ ಬದಲಾಯಿಸಿಕೊಂಡ, ಮಗು ಕುಂಯ್ ಎಂದರೆ ಎದ್ದು ಇವಳ ಭುಜ ಅಲುಗಿಸುತ್ತಿದ್ದ. ಎಷ್ಟೋ ಸಲ ಇವಳೇ ಮೊದಲು ಎದ್ದು ಕೂತಿರುತ್ತಿದ್ದಳಂತೆ, ಹೇಗೆ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ದಿನ, ಮುಚ್ಚಿದ ಕೋಣೆಯಲ್ಲಿ, ಇದು ಯಾವುದೂ ನಮಗೆ ತಿಳಿದಿರಲಿಲ್ಲ.

ಗ್ರಹಣ ಬಿಟ್ಟ ಮೇಲೆ ತಾಯಿ ನಮ್ಮಿಬ್ಬರಿಗೂ ತಲೆಗೆ ನೀರು ಹಾಕಿ, ಹಣೆಗೆ ವಿಭೂತಿ ಇಟ್ಟು, ಬಿಸಿ ಅನ್ನ ಬಡಿಸಿದರು. ಬೆಳಗಾದ ಮೇಲೆ ನಾನು ಮುಗಿದಷ್ಟು ಚೀಲಗಳನ್ನು ಹೊತ್ತುಕೊಂಡು ತುಮಕೂರಿಗೆ ಬಂದೆ.

ಟೀಚರ್ ಎಣಿಸಿ ನೋಡಿದರು. ಏನು ಮಾಡಿದರೂ ಸಾಲುವುದಿಲ್ಲ ಎಂಬುದು ಸ್ಪಷ್ಟವಾಗಿತ್ತು. ಗೆಳತಿಗೆ ಇನ್ನೂ ಹೆಚ್ಚು ಕಳಿಸುವುದು ಅವರಿಗೆ ಇಷ್ಟವಿರಲಿಲ್ಲ. ಅವಳ ಕಣ್ಣು ಈಗಾಗಲೇ ದಣಿದಿದೆ ಎಂದು ತಾಯಿ ನನ್ನ ಹತ್ತಿರ ಹೇಳಿ ಕಳಿಸಿದ್ದರು. ಟೀಚರ್ ಅಮೃತೂರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಿಸಲಿ ಎಂದು ಸ್ಪೀಕರಿಗೆ ಹಾಕಿದರು. ಹೊಲಿಯುವವಳು ಹಾಸಿಗೆ ಹಿಡಿದಿದ್ದಾಳೆ, ನಾವು ಒಪ್ಪಿಕೊಂಡಷ್ಟು ಕೊಡಲಾಗುವುದಿಲ್ಲ, ಉಳಿದದ್ದಕ್ಕೆ ಬೇರೆ ಬಟ್ಟೆಯ ಚೀಲ ಮಾಡಿಕೊಡಲೇ ಎಂದು ಕೇಳಿದರು. ಅತ್ತ ಕಡೆ ಮದುವೆ ಮನೆಯ ಗದ್ದಲ ಕೇಳಿಸುತ್ತಿತ್ತು. ಅದರ ನಡುವೆ ಸೋದರತ್ತೆಯವರ ದನಿ ಬಂತು.

"ಅದು ನಮ್ಮವ್ವನ ಸೀರೆ ಅಲ್ವಾ ಮೇಡಂ. ನಾವೇನ್ ಕೈ ಕಟ್ಕೊಂಡ್ ಕೂತಿದೀವಾ? ತುಂಡು ತಗಂಡು ಇಲ್ಲಿಗೇ ಬನ್ನಿ. ತೋರ್ಸಿಕೊಡಿ, ಜತೇಲಿ ಕೂತು ಹೊಲಿಯಾನ."

ಎರಡು ದಿನ ಕಳೆದು ಬೆಳಿಗ್ಗೆ ಟೆಂಪೋ ಒಂದರಲ್ಲಿ ಟೀಚರ್, ಚಿಪ್ಪಿನ ಅಣ್ಣ, ನಾನು ಕುಣಿಗಲ್ ದಾರಿ ಹಿಡಿದೆವು. ಕುಣಿಗಲ್ಲಿನಲ್ಲಿ ಕಾಫಿ ಕುಡಿದು ಅಮೃತೂರು ಸೇರುವ ಹೊತ್ತಿಗೆ ಬಿಸಿಲು ಹಿತವಾಗಿ ಏರಿತ್ತು. ಮನೆಯ ಮುಂದೆ ಚಪ್ಪರ ಹಾಕಿಯಾಗಿತ್ತು. ಆಗಷ್ಟೇ ಕಡಿದ ತೆಂಗಿನ ಗರಿಯ ಹಸಿ ವಾಸನೆಯ ಕೆಳಗೆ ಜಮಖಾನ ಹಾಸಿ ಆರೇಳು ಹೆಂಗಸರು ನಮಗಾಗಿ ಕಾದಿದ್ದರು. ಮದುವೆ ಹುಡುಗಿಯೂ ಅವರ ನಡುವೆ ಇದ್ದಳು. ಕೈತುಂಬ ತೊಟ್ಟ ಹೊಸ ಬಳೆಗಳ ಸದ್ದಿನಿಂದ ಅವಳೇ ಎಂದು ಗೊತ್ತಾಯಿತು. ಟೀಚರ್ ಅವರಿಗೆ ಅಂಚು ಹೊಲಿಯುವುದನ್ನು ತೋರಿಸಿದರು. ಲಾಡಿ ಪೋಣಿಸುವುದನ್ನು ಕಲಿಯಲು ಹುಡುಗಿ ನನ್ನ ಪಕ್ಕಕ್ಕೆ ಬಂದು ಕೂತಳು.

ಅಲ್ಲಿ ಸೀರೆಗಳಿಗೆ ಬಾಯಿ ಬಂತು. ಇದು ಅವ್ವ ನನ್ನ ಬಾಣಂತನಕ್ಕೆ ಬಂದಾಗ ಉಟ್ಟಿದ್ದು, ಇದು ಗದ್ದೆಗೆ ಹೋಗುವಾಗಿನದು, ಇದನ್ನು ಅಪ್ಪಯ್ಯ ತಂದಾಗ ಅವ್ವ ಒಂದು ವಾರ ಮಾತು ಬಿಟ್ಟಿದ್ದರು ಎಂದು ಒಬ್ಬೊಬ್ಬರೂ ಹೇಳತೊಡಗಿದರು. ನಾನು ಇಟ್ಟಿಗೆ ಕೆಂಪು ಎಂದುಕೊಂಡಿದ್ದು ಅರಿಶಿನ ಬಣ್ಣದ್ದಾಗಿತ್ತು. ಗಿಣಿಹಸಿರು ನೇರಳೆಯಾಯಿತು. ಮಲ್ಲಿಗೆ ವಾಸನೆಯದು ಮಾತ್ರ ನೀಲಿಯೇ ಆಗಿತ್ತು. ನನ್ನ ತಲೆಯೊಳಗೆ ಓಡಾಡುತ್ತಿದ್ದ ಅಜ್ಜಿ ಅವರ ಮಾತಿಗೆ ತಕ್ಕ ಹಾಗೆ ಬಣ್ಣ ಬದಲಿಸಿಕೊಂಡು, ಸ್ವಲ್ಪ ದಪ್ಪಗಾಗಿ, ಸ್ವಲ್ಪ ಸಿಡುಕಿಯೂ ಆಗಿ, ಅಲ್ಲೇ ಚಪ್ಪರದ ಕೆಳಗೆ ಎಲ್ಲೋ ಕೂತಳು.

ನಾವು ಜೊತೆಗೆ ತಂದಿದ್ದ ಟ್ರಂಕಿನ ತಳದಲ್ಲಿ ಇನ್ನೂ ಕತ್ತರಿಸದ ಒಂದು ಸೀರೆ ಉಳಿದಿತ್ತು. ಟೀಚರ್ ಅದನ್ನು ಅಳೆಯಲು ನನ್ನ ಕೈಗೆ ಒಂದು ತುದಿ ಕೊಟ್ಟರು. ಸೆರಗಿನ ಹತ್ತಿರ ನನ್ನ ಬೆರಳಿಗೆ ಏನೋ ತಾಕಿತು. ಹರಿದ ಕಡೆ ಯಾರೋ ಎಳೆಗೆ ಎಳೆ ಕೂಡಿಸಿ ಹೊಲಿದಿದ್ದರು. ಇಲ್ಲಿ ಹರಿದಿದೆ, ಇದನ್ನು ಬಿಟ್ಟು ಕತ್ತರಿಸಬೇಕೇನೋ ಎಂದೆ. ಸೋದರತ್ತೆಯವರು ಎದ್ದು ಬಂದು ಆ ಜಾಗವನ್ನು ನೋಡಿದರು. ನನ್ನ ಬೆರಳಿನ ಪಕ್ಕದಲ್ಲೇ ಅವರ ಬೆರಳೂ ಆ ಹೊಲಿಗೆಯ ಮೇಲೆ ಹರಿಯಿತು.

"ನಾನು ಚಿಕ್ಕೋಳಿದ್ದಾಗ ಸೀಬೆ ಮರ ಹತ್ತೋಕೋಗಿ ಹರ್ದಿದ್ದು. ಅವ್ವನ ಸೀರೆ ಸುತ್ಕೊಂಡ್ ಹತ್ತಿದ್ದೆ," ಎಂದರು. "ಹೊಡೀತಾಳೆ ಅಂತ ಹೆದ್ರಿಕೊಂಡಿದ್ದೆ. ಏನೂ ಅನ್ನಲಿಲ್ಲ. ಬೆಳಿಗ್ಗೆ ನೋಡಿದ್ರೆ ಹೊಲ್ದಿಟ್ಟಿದ್ಲು."

ಹುಡುಗಿ ಅದನ್ನು ತಾನು ಇಟ್ಟುಕೊಳ್ಳುತ್ತೇನೆ ಎಂದಳು. ಅತ್ತೆ ಕೊಡಲಿಲ್ಲ. "ನಿಂಗೆ ಹೊಸಾವು ಬೇಕಾದಷ್ಟಿವೆ. ಇದು ನನ್ಗಿರ್ಲಿ," ಎಂದು ಮಡಿಚಿ ಮಡಿಲಲ್ಲಿ ಇಟ್ಟುಕೊಂಡರು. ಹಾಗೆ ಇಟ್ಟುಕೊಂಡೇ ಸಂಜೆಯವರೆಗೂ ಹೊಲಿದರು. ಚೀಲ ಕಡಿಮೆಯಾಗುತ್ತದಲ್ಲ ಎಂದು ಯಾರೋ ಕೇಳಿದ್ದಕ್ಕೆ, ಮನೆಯ ಹೆಂಗಸರಿಗೆ ಚೀಲ ಯಾಕೆ, ಕೈಗೇ ಎಲೆ ಅಡಿಕೆ ಕೊಟ್ಟರಾಯಿತು ಎಂದು ಮುಗಿಸಿದರು. ಅಣ್ಣ ಒಂದೊಂದೇ ಬಟ್ಟಲನ್ನು ಒರೆಸಿ ಚೀಲಕ್ಕೆ ಇಳಿಸುತ್ತ ಬಂದ. ನೆರಳು ಉದ್ದವಾಗುವ ಹೊತ್ತಿಗೆ ಜಮಖಾನದ ಮೇಲೆ ತುಂಡುಗಳು ಉಳಿದಿರಲಿಲ್ಲ.

ಹಿಂದಿರುಗುವಾಗ ಕುಣಿಗಲ್ ಕೆರೆಯ ಹತ್ತಿರ ಟೆಂಪೋದವನು ಇಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದ. ಇಳಿಬಿಸಿಲು ನೀರಿನಿಂದ ಎದ್ದು ನನ್ನ ಮುಖಕ್ಕೆ ಬಡಿಯಿತು. ಬೆಚ್ಚಗಿನ ಬೆಳಕಿನದೊಂದು ಗೋಡೆ, ನನ್ನ ನೆನಪಿನಲ್ಲಿ ಅದಕ್ಕೆ ಕಿತ್ತಳೆ ಬಣ್ಣ. ಟೀಚರ್ ನನ್ನ ಪಕ್ಕದಲ್ಲಿ ನಿಂತು, ಮುಂದಿನ ಆಷಾಢದಲ್ಲಿ ಹೀಗೆ ಮಲಗಿ ಕಾಲ ಕಳೆಯುವುದು ಬೇಡ, ಸಾದಾ ಚೀಲಗಳನ್ನೂ ಬಟ್ಟಲುಗಳನ್ನೂ ಆಗಲೇ ಮಾಡಿಟ್ಟುಕೊಳ್ಳೋಣ, ಇಂಥ ಸೀರೆಯ ಕೆಲಸಕ್ಕೆ ಮಾತ್ರ ಕಾರ್ತೀಕದಲ್ಲಿ ಕೈ ಹಚ್ಚೋಣ ಎಂದರು. ಹೇಳಿದ ಹಾಗೆಯೇ ಮಾಡಿದರು. ಈಗ ಆಷಾಢದ ಬೆಳಗುಗಳಲ್ಲಿ ಕೆಲಸ ಇರುತ್ತದೆ. ಮಧ್ಯಾಹ್ನದ ನಿದ್ದೆಯನ್ನು ಮಾತ್ರ ಯಾರೂ ಬಿಟ್ಟುಕೊಟ್ಟಿಲ್ಲ.

ಆ ಮದುವೆಗೆ ನಾವು ಹೋಗಲಿಲ್ಲ. ಅಷ್ಟರಲ್ಲಿ ಇನ್ನೆರಡು ಮದುವೆಯ ಕೆಲಸ ಕೈಗೆ ಬಂದಿತ್ತು. ಸೀಸನ್ ಇಳಿದು ಫೋನು ಸುಮ್ಮನಾದ ಮೇಲೆ, ಧನುರ್ಮಾಸದ ಚಳಿಯಲ್ಲಿ, ಗೆಳತಿಗೆ ಹೆಣ್ಣು ಮಗುವಾಯಿತು ಎಂದು ಸುದ್ದಿ ಬಂತು. ಮಾರನೆಯ ಬೆಳಿಗ್ಗೆಯೇ ನಾನು ಗುಬ್ಬಿ ಗಾಡಿ ಹತ್ತಿದೆ. ಆ ಸಲ ತೊಡೆಯ ಮೇಲೆ ಗಂಟಿರಲಿಲ್ಲ. ಬಿಸಿಲು ಕಿಟಕಿಯಿಂದ ನೇರವಾಗಿ ಬರುತ್ತಿತ್ತು. ನನಗೆ ಯಾವಾಗ ನಿದ್ದೆ ಹತ್ತಿತೋ ತಿಳಿಯದು. ಗಾಡಿ ನಿಂತ ಸದ್ದಿಗೆ ಎಚ್ಚರವಾಗಿ, ಗುಬ್ಬಿಯೇ ಎಂದುಕೊಂಡು ಇಳಿದೆ. ಗಾಡಿ ಹೊರಟುಹೋಯಿತು. ಆಟೋದವನ ಕೂಗಿಲ್ಲ, ಜನರ ಸದ್ದಿಲ್ಲ. ಬೆಂಚಿನ ಕಡೆಯಿಂದ ಯಾವುದೋ ಹೆಂಗಸಿನ ದನಿ, ಎಲ್ಲಿಗೆ ಹೋಗಬೇಕು ಎಂದು ಕೇಳಿತು. ಗುಬ್ಬಿಗೆ ಎಂದೆ.

"ಗುಬ್ಬಿ ಆಗ್ಲೇ ಹೋಯ್ತಲ್ಲವ್ವ. ಇದು ನಿಟ್ಟೂರು. ಬಾ, ಇಲ್ಲಿ ಕೂತ್ಕೊ. ವಾಪಸ್ ಗಾಡಿ ಇನ್ನೂ ತಡ ಐತೆ."

ನಾನು ಹೋಗಿ ಕೂತೆ. ಅವಳು ಮಡಿಲಲ್ಲಿ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದಳು, ಸೊಗಡಿನ ವಾಸನೆ ಚಳಿಗಾಳಿಯಲ್ಲಿ ತೇಲಿ ಬರುತ್ತಿತ್ತು. ನನಗೂ ಒಂದು ಬೊಗಸೆ ಕೊಡು ಎಂದೆ. ಅವಳು ಕಾಯಿಗಳನ್ನು ನನ್ನ ಮಡಿಲಿಗೆ ಸುರಿದಳು. ಗಾಡಿ ಬರುವವರೆಗೂ ಇಬ್ಬರೂ ಬಿಸಿಲಿಗೆ ಮುಖ ಕೊಟ್ಟು ಕಾಯಿ ಸುಲಿಯುತ್ತ ಕೂತೆವು. ಈ ಕಾಳು ಯಾರ ಮನೆಯ ಸಾರಿಗೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.